ಹತ್ತು ಜನ, ಒಂದು ದ್ವೀಪ, ದೋಣಿ ಇಲ್ಲ

ಅಗಾಥಾ ಕ್ರಿಸ್ಟಿಯ 'ಅಂಡ್ ದೆನ್ ದೇರ್ ವರ್ ನನ್' 1939ರ ಕಾದಂಬರಿ. ಹಳೇದು ಅಂತ ಮೂಗು ಮುರಿಯಬೇಡಿ. ಇಂಗ್ಲೆಂಡಿನ ಡೆವನ್ ಕರಾವಳಿಯಾಚೆ ಒಂದು ದ್ವೀಪ. ಎಂಟು ಅತಿಥಿಗಳು, ಮನೆ ನೋಡಿಕೊಳ್ಳುವ ಗಂಡ ಹೆಂಡತಿ. ಕರೆದವರೇ ನಾಪತ್ತೆ! ರಾತ್ರಿ ಊಟವಾದ ಮೇಲೆ ಗ್ರಾಮಫೋನ್ ತಟ್ಟೆಯಿಂದ ಬರುವ ದನಿ ಒಬ್ಬೊಬ್ಬರ ಹೆಸರು ಹಿಡಿದು ಕೊಲೆಯ ಆರೋಪ ಹೊರಿಸುತ್ತದೆ. ಆಮೇಲೆ ಸಾವು ಶುರು. ಬಿರುಗಾಳಿ ಬೇರೆ.

ನನಗೆ ಜಾಸ್ತಿ ಹಿಡಿಸಿದ್ದು ಸಣ್ಣಪುಟ್ಟ ವಿವರಗಳು. ಊಟದ ಮೇಜಿನ ಮೇಲೆ ಹತ್ತು ಪಿಂಗಾಣಿ ಬೊಂಬೆ. ಒಬ್ಬರು ಸತ್ತಾಗೆಲ್ಲ ಒಂದು ಬೊಂಬೆ ಮಾಯ. ತೆಗೆದಿದ್ದನ್ನು ಯಾರೂ ನೋಡಿಲ್ಲ. ಇನ್ನೊಂದು ಕಡೆ, ಉಳಿದವರು ಡಬ್ಬಿಯಲ್ಲಿದ್ದದ್ದನ್ನು ತೆರೆದು ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಾರೆ. ಎಲ್ಲರ ಕಣ್ಣೂ ಪಕ್ಕದವರ ಮೇಲೆ. ಚೀರಾಟವಿಲ್ಲದೆ ಹೆದರಿಸೋದು ಅಂದ್ರೆ ಇದೇ ಅಲ್ವಾ?

ಶುರುವಿನಲ್ಲಿ ಹೆಸರುಗಳು ಗೊಂದಲ ಮಾಡುತ್ತವೆ. ಸುಮ್ನೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೊಲೆಯ ಲೆಕ್ಕಾಚಾರ ಅಷ್ಟು ಕರಾರುವಾಕ್ಕಾಗಿ ನಡೆಯೋದನ್ನು ನಂಬೋಕೆ ಸ್ವಲ್ಪ ಕಷ್ಟ. ಓದುವಾಗ ಮಾತ್ರ ಅದು ತಲೆಗೇ ಬರಲಿಲ್ಲ. ಕ್ರಿಸ್ಟಿಯ ಬೇರೆ ಕಾದಂಬರಿಗಳಲ್ಲಿ ಬರುವ ಪತ್ತೇದಾರ ಪೊವಾರೊ ಇಲ್ಲಿಲ್ಲ, ಕಾಪಾಡೋಕೆ ಯಾರೂ ಬರೋದಿಲ್ಲ. ಕೊನೆಯ ಪುಟ ಮೊದಲೇ ತಿರುವಿ ನೋಡುವ ಚಾಳಿ ಇದ್ದವರು ದಯವಿಟ್ಟು ಈ ಪುಸ್ತಕಕ್ಕಾದರೂ ಅದನ್ನು ಬಿಡಿ.