ಏಲಿಯನ್: ಬಿಡುಗಡೆಯ ಕ್ರಮದಲ್ಲೋ, ಕಥೆಯ ಕ್ರಮದಲ್ಲೋ?

ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಮೂರು ಏಲಿಯನ್ ಚಿತ್ರಗಳನ್ನು ನಾನು ಎರಡು ರೀತಿಯಲ್ಲಿ ನೋಡಿದ್ದೇನೆ. ಮೊದಲ ಸಲ, ಬಿಡುಗಡೆಯಾದ ಕ್ರಮದಲ್ಲಿ: 1979ರ 'ಏಲಿಯನ್' ಹಾಸ್ಟೆಲ್ಲಿನ ಕಂಪ್ಯೂಟರಿನಲ್ಲಿ, 'ಪ್ರೊಮೀಥಿಯಸ್' 2012ರಲ್ಲಿ ತ್ರೀಡಿ ಕನ್ನಡಕ ಹಾಕಿಕೊಂಡು, 'ಏಲಿಯನ್: ಕವೆನೆಂಟ್' 2017ರಲ್ಲಿ. ಎರಡನೆಯ ಸಲ, ಕಥೆಯೊಳಗಿನ ಇಸವಿಗಳ ಕ್ರಮದಲ್ಲಿ: 2093ರ 'ಪ್ರೊಮೀಥಿಯಸ್', 2104ರ 'ಕವೆನೆಂಟ್', ಕೊನೆಗೆ 2122ರ 'ಏಲಿಯನ್'. ಇದು ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗನ ಜೊತೆ ನಡೆದದ್ದು. ಹತ್ತೊಂಬತ್ತರ ಹುಡುಗ, ಮೂರರಲ್ಲಿ ಒಂದನ್ನೂ ನೋಡಿರಲಿಲ್ಲ. "ಕಥೆ ಎಲ್ಲಿಂದ ಶುರುವೋ ಅಲ್ಲಿಂದಾನೇ ನೋಡೋಣ ಮಾಮ" ಅಂದ. ಒಪ್ಪಿಕೊಂಡೆ. (ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.)

ನನ್ನ ಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಒಂದು ಹೆಣ. ಪಾಳುಬಿದ್ದ ಅಂತರಿಕ್ಷದ ಹಡಗು, ಅದರೊಳಗೆ ಬೃಹತ್ತಾದ ಕುರ್ಚಿ, ಕುರ್ಚಿಗೇ ಬೆಳೆದುಕೊಂಡಂತೆ ಕಲ್ಲಾಗಿ ಕೂತ ಒಂದು ಜೀವಿ. ಪಕ್ಕೆಲುಬುಗಳು ಒಳಗಿನಿಂದ ಹೊರಕ್ಕೆ ಬಾಗಿವೆ. ಸ್ವಿಸ್ ಕಲಾವಿದ ಗೀಗರ್ ಅವರ ಕಲ್ಪನೆ ಅದು. ಅದನ್ನು ಇನ್ನೂ ದೊಡ್ಡದಾಗಿ ಕಾಣಿಸಲು ಸ್ಕಾಟ್ ತನ್ನ ಮಕ್ಕಳಿಗೇ ಚಿಕ್ಕ ಅಳತೆಯ ಅಂತರಿಕ್ಷದ ಉಡುಪು ತೊಡಿಸಿ ನಿಲ್ಲಿಸಿದ್ದರಂತೆ. ಚಿತ್ರ ಮತ್ತೆ ಆ ಜೀವಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಮಾತ್ರ ವರ್ಷಗಟ್ಟಲೆ ಅದರ ಬಗ್ಗೆ ಯೋಚಿಸಿದೆ.

ಆಮೇಲೆ ಬಂತು 'ಪ್ರೊಮೀಥಿಯಸ್'. ಆ ಹೆಣದ ಸೊಂಡಿಲಿನಂಥ ಮೂತಿ, ಆ ಎಲುಬು ಎಲ್ಲ ಬರೀ ಉಡುಪಂತೆ. ಒಳಗಿರುವುದು ಬಿಳಿಚಿಕೊಂಡ, ಗರಡಿಯಲ್ಲಿ ಪಳಗಿದಂಥ ಮೈಯ ಎತ್ತರದ ಮನುಷ್ಯ, ನಮ್ಮನ್ನು ಸೃಷ್ಟಿಸಿದವನು. ಬಣ್ಣದ ವೇಷದ ಆರ್ಭಟಕ್ಕೆ ನಡುಗಿದ ಮಗು ಆಮೇಲೆ ಚೌಕಿಗೆ ಹೋಗಿ ನೋಡಿದರೆ, ಅದೇ ವೇಷಧಾರಿ ಕಿರೀಟ ಬಿಚ್ಚಿಟ್ಟು ಬೀಡಿ ಹಚ್ಚುತ್ತಿದ್ದ ಹಾಗಾಯಿತು ನನಗೆ.

ಅಳಿಯನಿಗೆ ಈ ಸಂಕಟವೇ ಇರಲಿಲ್ಲ. ಕಲ್ಲಾದ ಹೆಣವನ್ನು ಕಂಡೇ ಇಲ್ಲವಲ್ಲ. ಐಸ್‌ಲ್ಯಾಂಡಿನ ಡೆಟ್ಟಿಫೋಸ್ ಜಲಪಾತದ ಅಂಚಿನಲ್ಲಿ ಆ ಬಿಳಿಯ ದೈತ್ಯ ಕಪ್ಪು ದ್ರವ ಕುಡಿದು ಕರಗಿಹೋಗುವ ಆರಂಭವನ್ನು ಬಾಯಿ ಬಿಟ್ಟುಕೊಂಡು ನೋಡಿದ. ನಾಯಕಿ ಶಾ ತನ್ನ ಹೊಟ್ಟೆಯನ್ನು ತಾನೇ ಯಂತ್ರದಿಂದ ಕೊಯ್ಯಿಸಿಕೊಳ್ಳುವಾಗ ದಿಂಬು ಅಡ್ಡ ಹಿಡಿದ. ಗುಹೆಯ ನಕ್ಷೆ ತೆಗೆದವನೇ ದಾರಿ ತಪ್ಪಿದ್ದಕ್ಕೆ, ಹೆಡೆಯೆತ್ತಿದ ಹುಳವನ್ನು ಜೀವಶಾಸ್ತ್ರಜ್ಞ ನಾಯಿಮರಿಯಂತೆ ಮುದ್ದು ಮಾಡಲು ಹೋಗಿದ್ದಕ್ಕೆ ಬೈದ. ಉರುಳಿ ಬರುವ ಹಡಗಿನ ಮುಂದೆ ನೇರಕ್ಕೇ ಓಡುವ ಕಂಪನಿಯ ಅಧಿಕಾರಿಣಿ ವಿಕರ್ಸ್‌ಗೆ "ಪಕ್ಕಕ್ಕೆ ಓಡೇ!" ಎಂದು ಕಿರುಚಿದ. ಇಷ್ಟು ಬೈಗುಳ ಯಾವ ಕ್ರಮದಲ್ಲಿ ನೋಡಿದರೂ ಬರುವಂಥದ್ದೇ. ಆದರೂ ಹಿಂದಿನದರ ಭಾರವಿಲ್ಲದೆ ನೋಡಿದರೆ 'ಪ್ರೊಮೀಥಿಯಸ್' ಚೆನ್ನಾಗಿಯೇ ಇದೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಇನ್ನು ಡೇವಿಡ್. ಮೈಕಲ್ ಫಾಸ್‌ಬೆಂಡರ್ ಮಾಡಿದ ಈ ಯಂತ್ರಮಾನವನಿಗಾಗಿ ನಾನು ಆ ಚಿತ್ರದ ಏನನ್ನು ಬೇಕಾದರೂ ಕ್ಷಮಿಸಬಲ್ಲೆ. ಎರಡು ವರ್ಷಕ್ಕೂ ಮೀರಿ ಎಲ್ಲರೂ ನಿದ್ದೆಯಲ್ಲಿರುವಾಗ ಇವನೊಬ್ಬನೇ ಎಚ್ಚರ. ಬಾಸ್ಕೆಟ್‌ಬಾಲ್ ಆಡುತ್ತಾನೆ, ಹಳೆಯ ಸಿನಿಮಾ ನೋಡಿ ನಾಯಕನಂತೆ ಕೂದಲು ಬಾಚಿಕೊಳ್ಳುತ್ತಾನೆ, ಪ್ರಾಚೀನ ಭಾಷೆಗಳನ್ನು ಕಲಿಯುತ್ತಾನೆ. ಅವನು ಬಾಯಿಪಾಠ ಮಾಡುವುದು ಕುರಿ ಮತ್ತು ಕುದುರೆಗಳ ಕಥೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮೂಲಭಾಷೆ ಹೀಗಿದ್ದಿರಬಹುದು ಎಂದು ಜರ್ಮನ್ ಪಂಡಿತ ಶ್ಲೈಖರ್ 1868ರಲ್ಲಿ ಕಟ್ಟಿದ ಕಥೆ ಅದು. 'ಅವಿ', 'ಅಶ್ವ' ಗೊತ್ತಿದ್ದವರು ಶ್ಲೈಖರ್‌ನ ಪಾಠ ಓದಿದರೆ ಎರಡೂ ಪದಗಳ ಗುರುತು ಸಿಗುತ್ತದೆ. ನಮ್ಮನ್ನು ಯಾಕೆ ಸೃಷ್ಟಿಸಿದಿರಿ ಎಂದು ಡೇವಿಡ್ ಕೇಳಿದಾಗ, ಮಾಡಲು ಆಗುತ್ತಿತ್ತು, ಮಾಡಿದೆವು ಎನ್ನುತ್ತಾನೆ ವಿಜ್ಞಾನಿ ಹಾಲೊವೇ. ಇದೇ ಉತ್ತರ ನಿಮ್ಮ ಸೃಷ್ಟಿಕರ್ತನಿಂದ ಬಂದರೆ ಹೇಗಿರುತ್ತದೆ ಎಂದು ಡೇವಿಡ್ ಮೆಲ್ಲಗೆ ತಿರುಗಿಸಿ ಕೇಳುತ್ತಾನೆ. ದೈತ್ಯರ ಕಥೆಗಿಂತ ಈ ಒಂದು ಮಾತುಕತೆಯೇ ನನಗೆ ಹೆಚ್ಚು.

ಆದರೆ ಇವನನ್ನು ಮೊದಲು ನೋಡಿದ್ದಕ್ಕೆ ಅಳಿಯ ದಂಡ ತೆತ್ತ. 1979ರ ಚಿತ್ರದಲ್ಲಿ ಹಡಗಿನ ವಿಜ್ಞಾನದ ಅಧಿಕಾರಿ ಆ್ಯಶ್ ಯಂತ್ರಮಾನವ ಎಂದು ಗೊತ್ತಾಗುವ ಕ್ಷಣದಲ್ಲಿ ನಾನು ಹಾಸ್ಟೆಲ್ಲಿನ ಕುರ್ಚಿಯಿಂದ ಎದ್ದು ನಿಂತಿದ್ದೆ. ಇವನೋ, ಆ್ಯಶ್ ಬಂದ ಸ್ವಲ್ಪ ಹೊತ್ತಿಗೇ "ಮಾಮ, ಈ ವಯ್ಯ ರೋಬೋ ತಾನೇ?" ಅಂದುಬಿಟ್ಟ. ಇಯಾನ್ ಹೋಮ್ ಅಷ್ಟು ಜೋಪಾನವಾಗಿ ಬಚ್ಚಿಟ್ಟ ನಟನೆ ಅಲ್ಲಿಗೆ ಮುಗಿಯಿತು. ಈ ಒಂದು ಕಾರಣಕ್ಕೇ, ಯಾರು ಕೇಳಿದರೂ ನಾನು 1979ರದ್ದನ್ನೇ ಮೊದಲು ನೋಡಿ ಎನ್ನುತ್ತೇನೆ.

'ಕವೆನೆಂಟ್' ಬಗ್ಗೆ ಹೆಚ್ಚೇನಿಲ್ಲ. ಶಾ ಸತ್ತಾಗಿದೆ, ದೈತ್ಯರ ನಾಶ ಒಂದು ನೆನಪಿನ ದೃಶ್ಯದಲ್ಲಿ ಮುಗಿಯುತ್ತದೆ, 1979ರ ಚಿತ್ರದ ಆ ಭಯಾನಕ ಪ್ರಾಣಿಯನ್ನು ರೂಪಿಸಿದವನು ಡೇವಿಡ್ ಎಂದಾಗುತ್ತದೆ. ವಿಶ್ವದಷ್ಟು ಹಳೆಯದು ಎಂದುಕೊಂಡಿದ್ದ ಭೂತಕ್ಕೆ ಹುಟ್ಟಿದ ತಾರೀಕು ಬರೆದಂತೆ! ಡೇವಿಡ್ ತನ್ನಂತೆಯೇ ಇರುವ ಯಂತ್ರಮಾನವ ವಾಲ್ಟರ್‌ಗೆ ಕೊಳಲು ಕಲಿಸುವ ದೃಶ್ಯವೊಂದು ಉಳಿಯಿತು. ಇಲ್ಲಿ ನನ್ನದೂ ಅಳಿಯನದೂ ಒಂದೇ ಅಭಿಪ್ರಾಯ.

ಕೊನೆಗೆ 2122. 'ಏಲಿಯನ್'ನ ಹಡಗು ನಾಸ್ಟ್ರೋಮೋದ ಹಸಿರು ಅಕ್ಷರದ ಡಬ್ಬಾ ಪರದೆಗಳನ್ನು ಕಂಡು ಅವನಿಗೆ ನಗು. "ಮೂವತ್ತು ವರ್ಷ ಹಿಂದೆ ಗಾಳೀಲಿ ನಕ್ಷೆ ತೋರಿಸ್ತಿದ್ರಲ್ಲ ಮಾಮ, ಅದೆಲ್ಲ ಎಲ್ಹೋಯ್ತು?" ಅದು ಕುಬೇರನ ವಿಹಾರದ ಹಡಗು, ಇದು ಅದಿರು ಎಳೆಯುವ ಲಾರಿ, ನೋಡು ಬೋನಸ್ಸಿಗೆ ಹೇಗೆ ಜಗಳ ಆಡ್ತಿದ್ದಾರೆ ಎಂದು ಸಮರ್ಥಿಸಿಕೊಂಡೆ. ಅರ್ಧ ಒಪ್ಪಿದ. ಹಡಗಿನ ಸಿಬ್ಬಂದಿ ಕೇನ್ ಆ ಪ್ರಾಣಿಯ ಮೊಟ್ಟೆಯ ಮೇಲೆ ಬಗ್ಗುವಾಗ ಮಾತ್ರ ನನಗಿಂತ ಹೆಚ್ಚು ಹೆದರಿದವನು ಅವನೇ. ಒಳಗೇನಿದೆ ಎಂದು ಅವನಿಗೆ ಗೊತ್ತಿತ್ತು, ನನಗೆ ಅಂದು ಗೊತ್ತಿರಲಿಲ್ಲ.

ಅದಕ್ಕೂ ಸ್ವಲ್ಪ ಮುಂಚೆ ಕುರ್ಚಿಯ ದೃಶ್ಯ ಬಂದಿತ್ತು. ಅವನೇ ರಿಮೋಟ್ ತಗೊಂಡು ನಿಲ್ಲಿಸಿದ. "ಇದು ಆ ಹಡಗು ಅಲ್ವಲ್ಲ? ಅಲ್ಲಿ ದೈತ್ಯ ಕುರ್ಚಿ ಬಿಟ್ಟು ಎದ್ದು ಬಂದು ಹೊರಗೆ ಸತ್ತ."

ಅಲ್ಲ, ಲೋಕಗಳೇ ಬೇರೆ, ಅದು ಎಲ್‌ವಿ-223, ಇದು ಎಲ್‌ವಿ-426 ಅಂದೆ.

"ಹಾಗಾದ್ರೆ ಇವನ್ಯಾರು?"

"ನಂಗೂ ಗೊತ್ತಿಲ್ಲ ಕಣೋ."

ಎದ್ದು ಕಾಫಿಗೆ ಹಾಲಿಟ್ಟೆ. ಎರಡು ಲೋಟ ಹಿಡಿದು ವಾಪಸ್ ಬಂದರೂ ಅವನು ಸಿನಿಮಾ ಮುಂದಕ್ಕೆ ಬಿಟ್ಟಿರಲಿಲ್ಲ.