ನಾಲ್ಕು ವಿದ್ಯೆಗಳ ಹೋಲಿಕೆ: ಹೆಣ್ಣಿನ ಆತ್ಮರಕ್ಷಣೆಗೆ ನನ್ನ ಆಯ್ಕೆ ಜೂಡೋ

ಆತ್ಮರಕ್ಷಣೆಗೆ ಯಾವ ವಿದ್ಯೆ ಕಲಿಯುವುದು ಒಳ್ಳೆಯದು ಎಂದು ಗೆಳತಿಯರು ಕೇಳಿದಾಗಲೆಲ್ಲ ನಾನು ಹೇಳುವುದು ಜೂಡೋ ಎಂದೇ. ಕರಾಟೆ, ಕ್ರಾವ್ ಮಗಾ, ಕಳರಿಪಯಟ್ಟು, ಜೂಡೋ ಈ ನಾಲ್ಕನ್ನೂ ಬೆಂಗಳೂರಿನಲ್ಲಿಯೇ ದುಡ್ಡು ಕೊಟ್ಟು, ಮೈ ನೋಯಿಸಿಕೊಂಡು ಕಲಿತು ನೋಡಿದ ಮೇಲೆ ಮೂಡಿದ ಅಭಿಪ್ರಾಯವಿದು. ನಾನು ಮೂವತ್ತೈದು ದಾಟಿದವಳು, 55 ಕಿಲೋ ತೂಕದವಳು, ಶಾಲೆಯಲ್ಲಿ ಖೋ ಖೋ ಆಡಿದ್ದು ಬಿಟ್ಟರೆ ಬೇರೆ ಆಟದ ಅಭ್ಯಾಸವಿಲ್ಲದವಳು. ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ, ಮತ್ತು ತಿಂಗಳಿಗೆ 2,000 ರೂಪಾಯಿಗಿಂತ ಹೆಚ್ಚು ಇದಕ್ಕೆಂದು ತೆಗೆದಿಡಲು ನನ್ನಿಂದ ಆಗುವುದಿಲ್ಲ. ಈ ಪರಿಸ್ಥಿತಿ ಬೇರೆಯಾದವರ ತೀರ್ಮಾನವೂ ಬೇರೆಯಾಗಬಹುದು.

ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ನನ್ನನ್ನು ಬಿಡಲು ಮನಸ್ಸಿಲ್ಲದ ವ್ಯಕ್ತಿಯೊಬ್ಬನ ಹಿಡಿತದಿಂದ ಬಿಡಿಸಿಕೊಳ್ಳುವ ಅಭ್ಯಾಸ ತರಗತಿಯಲ್ಲಿ ವಾರವಾರವೂ ಸಿಗುತ್ತದೆಯೇ ಎಂಬುದು. ಹೆಣ್ಣಿನ ಮೇಲೆ ಕೈ ಮಾಡುವವನು ಎರಡು ಮಾರು ದೂರ ನಿಂತು ಮುಷ್ಟಿ ಬಿಗಿದು ಬರುವುದು ಕಡಿಮೆ; ಮಣಿಕಟ್ಟು, ಜಡೆ, ಹೆಗಲು ಅಥವಾ ಬ್ಯಾಗಿನ ಪಟ್ಟಿಯನ್ನು ಹಿಡಿದು ಎಳೆಯುವುದೇ ಹೆಚ್ಚು ಎಂಬುದನ್ನು ನಾನೂ, ನನ್ನ ಜೊತೆ ಕಲಿತ ಹೆಂಗಸರೂ ಅನುಭವದಿಂದ ಬಲ್ಲೆವು.

ಕರಾಟೆಯಿಂದ ಆರಂಭಿಸಿದ್ದು ಅದು ಮನೆಯ ಹತ್ತಿರ ಇತ್ತು ಎಂಬ ಕಾರಣಕ್ಕೆ. ನಮ್ಮ ಊರುಗಳಲ್ಲಿ ಶಾಲೆಯ ಸಭಾಂಗಣವೋ, ಉದ್ಯಾನದ ಮೂಲೆಯೋ ಸಿಕ್ಕರೆ ಅಲ್ಲೊಂದು ಕರಾಟೆ ತರಗತಿ ನಡೆಯುತ್ತದೆ, ಅದರಲ್ಲಿ ಮಕ್ಕಳೇ ತುಂಬಿರುತ್ತಾರೆ. ಸಾಲಾಗಿ ನಿಂತು ಮಾಸ್ಟರ್ ಎಣಿಸಿದಂತೆ ಗುದ್ದು, ತಡೆ, ಒದೆತ ಮಾಡುವುದು, ಆಮೇಲೆ ಕಾತಾ ಎಂಬ ನಿಗದಿತ ಚಲನೆಗಳ ಸರಣಿಯನ್ನು ಒಬ್ಬೊಬ್ಬರೇ ಮಾಡಿ ತೋರಿಸುವುದು ತರಗತಿಯ ಬಹುಪಾಲು. ಈ ಸಾಲುಪದ್ಧತಿಗೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಓಕಿನಾವಾದ ಅಂಕೋ ಇತೋಸು ಕರಾಟೆಯನ್ನು ಶಾಲಾಮಕ್ಕಳ ವ್ಯಾಯಾಮಕ್ಕೆ ಹೊಂದುವಂತೆ ರೂಪಿಸಿ ಶಾಲೆಗಳೊಳಗೆ ತಂದರು. ದೊಡ್ಡ ಗುಂಪಿಗೆ ಒಬ್ಬರೇ ಕಲಿಸಲು ಅನುಕೂಲವಾದ ಆ ಕ್ರಮವೇ ನಮ್ಮ ಬಡಾವಣೆಯವರೆಗೂ ಬಂದು ತಲುಪಿದೆ. ಮೈಗೆ ಚುರುಕು ಬರುತ್ತದೆ, ಸೊಂಟ ತಿರುಗಿಸಿ ಹೊಡೆಯುವುದು ತಿಳಿಯುತ್ತದೆ, ಆದರೆ ನಾನಿದ್ದಷ್ಟು ಕಾಲ ಆ ತರಗತಿಯಲ್ಲಿ ಯಾರೂ ನನ್ನನ್ನು ಬಿಗಿಯಾಗಿ ಹಿಡಿದು ನಿಲ್ಲಿಸಲಿಲ್ಲ. ಕೆಲವು ತಿಂಗಳಿಗೊಮ್ಮೆ ಬರುವ ಬೆಲ್ಟ್ ಪರೀಕ್ಷೆಯ ಶುಲ್ಕ ಬೇರೆ. ಪೂರ್ಣ ಸಂಪರ್ಕದ ಕಾದಾಟವನ್ನೇ ಮುಖ್ಯವಾಗಿಟ್ಟುಕೊಂಡ ಕ್ಯೋಕುಶಿನ್ ಮಾದರಿಯ ತರಗತಿ ಹತ್ತಿರದಲ್ಲಿ ಸಿಕ್ಕವರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು.

ಆದರೂ ಕರಾಟೆ ನನಗೆ ಕೊಟ್ಟ ಒಂದು ಲಾಭವನ್ನು ಉಳಿದ ಯಾವುದೂ ಕೊಡಲಿಲ್ಲ, ಅದು ಕೂಗು. ಪ್ರತಿ ಹೊಡೆತದ ಜೊತೆ ಹೊಟ್ಟೆಯಿಂದ ಹೊರಡಬೇಕಾದ ಆ ಕಿಯಾಯ್‌ ಮೊದಮೊದಲು ನನ್ನ ಗಂಟಲಿನಿಂದ ಹೊರಡುತ್ತಲೇ ಇರಲಿಲ್ಲ. ಮೆಲ್ಲಗೆ ಮಾತಾಡು, ನಾಲ್ಕು ಜನ ನೋಡುತ್ತಾರೆ ಎಂದು ಕೇಳಿಸಿಕೊಂಡೇ ಬೆಳೆದ ಹೆಣ್ಣಿಗೆ ತುಂಬಿದ ಸಭಾಂಗಣದಲ್ಲಿ ಗಟ್ಟಿಯಾಗಿ ಕೂಗುವುದೇ ದೊಡ್ಡ ಪಾಠ. ಬಸ್ಸಿನ ನೂಕುನುಗ್ಗಲಿನಲ್ಲಿ ಕೈ ಬೀಸಲು ಜಾಗವಿರುವುದಿಲ್ಲ, ಆದರೆ "ಕೈ ತೆಗೀರಿ" ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಲು ಜಾಗ ಬೇಕಿಲ್ಲ, ಮತ್ತು ಆ ದನಿ ನನಗೆ ಬಂದದ್ದು ಕರಾಟೆಯಿಂದಲೇ.

ಕ್ರಾವ್ ಮಗಾ ಶಿಬಿರ ವಾರಾಂತ್ಯದ್ದು, ಶುಲ್ಕ 3,500 ರೂಪಾಯಿ. ಈ ಪದ್ಧತಿಯ ಹಿನ್ನೆಲೆ ಗಂಭೀರವಾದದ್ದು. 1930ರ ದಶಕದಲ್ಲಿ ಬ್ರಾಟಿಸ್ಲಾವಾದ ಬೀದಿಗಳಲ್ಲಿ ಯೆಹೂದಿಗಳ ಮೇಲೆ ದಾಳಿಗಳಾಗುತ್ತಿದ್ದಾಗ ತನ್ನವರ ರಕ್ಷಣೆಗೆ ನಿಂತ ಕುಸ್ತಿಪಟು, ಬಾಕ್ಸರ್ ಇಮಿ ಲಿಕ್ಟೆನ್‌ಫೆಲ್ಡ್ ಮುಂದೆ ಇಸ್ರೇಲಿ ಸೈನ್ಯದಲ್ಲಿ ಇದನ್ನು ಬೆಳೆಸಿದರು. ಕಣ್ಣು, ಗಂಟಲು, ತೊಡೆಸಂದಿಗೆ ಹೊಡೆದು ಓಡಿ ಎಂಬ ಅದರ ನೇರವಾದ ಬೋಧನೆಯಲ್ಲಿ ನಾನು ತಪ್ಪು ಹುಡುಕುವುದಿಲ್ಲ. ನಿಯಮಿತವಾಗಿ, ಬೆವರು ಸುರಿಯುವಂತೆ ಅದನ್ನು ಕಲಿಸುವ ಕಡೆ ಅದು ಒಳ್ಳೆಯ ವಿದ್ಯೆಯೇ ಇರಬೇಕು. ಆದರೆ ನಾನು ಹೋದ ಶಿಬಿರದಲ್ಲಿ ಜೊತೆಗಾತಿ ನನ್ನ ಮಣಿಕಟ್ಟನ್ನು ಹೂವು ಹಿಡಿದಂತೆ ಹಿಡಿಯುತ್ತಿದ್ದಳು, ನಾನು ಹೆಬ್ಬೆರಳಿನ ಕಡೆಗೆ ತಿರುಗಿಸಿದೊಡನೆ ಬಿಟ್ಟುಬಿಡುತ್ತಿದ್ದಳು, ಇಬ್ಬರಿಗೂ ಚಪ್ಪಾಳೆ ಬೀಳುತ್ತಿತ್ತು. ಭಾನುವಾರ ಸಂಜೆ ಪ್ರಮಾಣಪತ್ರ ಕೈಗೆ ಬಂತು. ಅದೇ ಬಿಡಿಸುವಿಕೆಯನ್ನು ಮನೆಯಲ್ಲಿ ತಮ್ಮನ ಮೇಲೆ ಮಾಡಿ ನೋಡಿದಾಗ ಅವನ ಮುಷ್ಟಿ ಅಲುಗಲಿಲ್ಲ. ಕೈಯನ್ನಷ್ಟೇ ತಿರುಗಿಸಿದರೆ ಸಾಲದು, ಮೊಣಕೈಯನ್ನು ಅವನ ಕಡೆಗೆ ತಳ್ಳಿಕೊಂಡು ಹೋಗಿ ಇಡೀ ಮೈಯ ಭಾರವನ್ನು ಅವನ ಹೆಬ್ಬೆರಳಿನ ಮೇಲೆ ಹಾಕಬೇಕು ಎಂಬುದನ್ನು ನಾನು ತಿಳಿದದ್ದು ಆಮೇಲೆ, ಜೂಡೋ ಮ್ಯಾಟಿನ ಮೇಲೆ.

ಕಳರಿಪಯಟ್ಟಿನ ಬಗ್ಗೆ ನನಗೆ ಅಪಾರ ಗೌರವವಿದೆ. ವಡಕರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಕಳರಿಯಲ್ಲಿ ಕೋಲು, ಕತ್ತಿ ಹಿಡಿದು ಕಲಿಸುತ್ತಿದ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಆದರೆ ಉತ್ತರ ಕೇರಳದ ಸಂಪ್ರದಾಯದಲ್ಲಿ ಮೊದಲು ಮೈ ಪಳಗಿಸುವ ಮೆಯ್‌ತ್ತಾರಿ, ನಂತರ ಕೋಲಿನ ಕೋಲ್‌ತ್ತಾರಿ, ಅದಾದ ಮೇಲೆ ಲೋಹದ ಆಯುಧಗಳ ಅಂಗತ್ತಾರಿ, ಎಲ್ಲಕ್ಕೂ ಕೊನೆಯಲ್ಲಿ ಬರಿಗೈಯ ವೆರುಂಕೈ ಬರುತ್ತದೆ. ನನಗೆ ಬೇಕಾದದ್ದು ಆ ಕೊನೆಯ ಪಾಠ, ಮತ್ತು ಅಲ್ಲಿಗೆ ತಲುಪಲು ವರ್ಷಗಳು ಬೇಕು.

ಬ್ರೆಜಿಲಿಯನ್ ಜಿಯುಜಿಟ್ಸುವನ್ನು ಈ ನಾಲ್ಕರಲ್ಲಿ ಸೇರಿಸಿಲ್ಲ, ಏಕೆಂದರೆ ಒಂದು ಪರಿಚಯದ ತರಗತಿಗಷ್ಟೇ ಹೋಗಿದ್ದೆ. ಟೋಕಿಯೋದ ಜೂಡೋ ಶಾಲೆಯಾದ ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೊ ಮಾಯೆಡಾ ಬ್ರೆಜಿಲಿಗೆ ಒಯ್ದ ಜೂಡೋದಿಂದಲೇ ಅದು ಹುಟ್ಟಿತು. ಬೆನ್ನ ಮೇಲೆ ಬಿದ್ದವಳು ಮೇಲಿದ್ದವನನ್ನು ಕಾಲುಗಳಿಂದ ತಡೆದು ಪಾರಾಗುವ ಅದರ ಪಾಠಗಳು ಹೆಣ್ಣಿಗೆ ಬಹಳ ಉಪಯುಕ್ತ. ದೂರ ಮತ್ತು ಶುಲ್ಕ ನನ್ನ ಕೈಗೆಟುಕಲಿಲ್ಲ. ಎಟುಕುವವರು ಅದಕ್ಕೇ ಸೇರಿದರೂ ನಾನು ಬೇಡ ಎನ್ನುವುದಿಲ್ಲ.

ಜೂಡೋದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ, ನೋಟವನ್ನು ಸೊಂಟದ ಪಟ್ಟಿಯ ಗಂಟಿನ ಮೇಲಿಟ್ಟು, ಬೆನ್ನು ನೆಲ ಮುಟ್ಟುವ ಕ್ಷಣದಲ್ಲಿಯೇ ಚಾಚಿದ ತೋಳಿನಿಂದ ಮ್ಯಾಟಿಗೆ ಬಡಿಯಬೇಕು. ಇದಕ್ಕೆ ಉಕೆಮಿ ಎನ್ನುತ್ತಾರೆ. ವಾರಗಟ್ಟಲೆ ಇದನ್ನೇ ಮಾಡಿಸಿದಾಗ ಬೇಸರವಾಗಿತ್ತು. ಮಳೆಗಾಲದಲ್ಲಿ ಮಲೆನಾಡಿನ ತವರುಮನೆಗೆ ಹೋದಾಗ ಅಂಗಳದಲ್ಲಿ ಪಾಚಿ ಹಿಡಿದ ಅಡಿಕೆ ದಬ್ಬೆಯ ಮೇಲೆ ಕಾಲು ಜಾರಿ ಅಂಗಾತ ಬಿದ್ದೆ; ತಲೆ ಮೇಲೆಯೇ ಉಳಿಯಿತು, ತೋಳು ತಾನಾಗಿ ನೆಲಕ್ಕೆ ಬಡಿದಿತ್ತು. ಬೀಳುವ ಭಯ ಹೋದರೆ ಹಿಡಿದವನೊಡನೆ ಸೆಣಸುವ ಧೈರ್ಯ ಅರ್ಧ ಬಂದಂತೆ.

ಎರಡನೆಯದು ರಾಂಡೋರಿ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಬೀಳಿಸಲು ನೋಡುವ ಮುಕ್ತ ಸೆಣಸಾಟದ ಅಭ್ಯಾಸ. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಸ್ಥಾಪಿಸಿದ ಜಿಗೊರೊ ಕಾನೊ ಹಳೆಯ ಜುಜುತ್ಸುವಿನಿಂದ ಹೆಚ್ಚು ಅಪಾಯಕಾರಿಯಾದ ಪಟ್ಟುಗಳನ್ನು ಬದಿಗಿಟ್ಟು, ಉಳಿದವನ್ನು ಇಬ್ಬರೂ ಪೂರ್ಣ ಬಲದಿಂದ ಪ್ರಯೋಗಿಸಬಹುದಾದ ಕ್ರಮವನ್ನು ರೂಪಿಸಿದರು. ಪಟ್ಟು ಕಡಿಮೆಯಾದರೂ ಅಭ್ಯಾಸ ನಿಜವಾದದ್ದು: ಎದುರಿನವನು ನನ್ನ ತೋಳು, ಕೊರಳಪಟ್ಟಿ ಹಿಡಿದು ನನ್ನನ್ನು ಬೀಳಿಸಲು ಪ್ರಯತ್ನಿಸುತ್ತಲೇ ಇರುತ್ತಾನೆ. ಓಸೋತೋಗಾರಿ ಎಂಬ ಪಟ್ಟಿನಲ್ಲಿ ಅವನ ತೋಳನ್ನು ನನ್ನ ಸೊಂಟದ ಕಡೆಗೆ ಎಳೆದು, ಭಾರವೆಲ್ಲ ಅವನ ಒಂದು ಹಿಮ್ಮಡಿಯ ಮೇಲೆ ಬಂದಾಗ ಆ ಕಾಲನ್ನು ಹಿಂದಿನಿಂದ ನನ್ನ ಕಾಲಿನಿಂದ ಬೀಸಿ ತೆಗೆಯಬೇಕು. ಎಳೆತ ಸರಿಯಾಗಿಲ್ಲದಿದ್ದರೆ ಎಷ್ಟು ಬಲ ಹಾಕಿದರೂ ಅವನು ಅಲುಗುವುದಿಲ್ಲ, ಸರಿಯಾಗಿದ್ದರೆ ನನಗಿಂತ ಇಪ್ಪತ್ತು ಕಿಲೋ ಹೆಚ್ಚಿದ್ದವನೂ ಬೀಳುತ್ತಾನೆ. ಕೊಡೊಕಾನ್ 1943ರಲ್ಲಿ ಹೆಂಗಸರಿಗೆಂದೇ ರೂಪಿಸಿದ ಆತ್ಮರಕ್ಷಣಾ ಕ್ರಮವೊಂದಿದ್ದು, ಮಣಿಕಟ್ಟು ಹಿಡಿದಾಗ, ಹಿಂದಿನಿಂದ ಅಪ್ಪಿ ಹಿಡಿದಾಗ ಬಿಡಿಸಿಕೊಳ್ಳುವ ಬಗೆಗಳು ಅದರಲ್ಲಿವೆ; ನಮ್ಮ ಮಾಸ್ಟರ್ ಕೇಳಿಕೊಂಡರೆ ಅವನ್ನೂ ಕಲಿಸುತ್ತಾರೆ.

ಇನ್ನು ಜೂಡೋದ ದೊಡ್ಡ ತೊಡಕಿಗೆ ಬರುತ್ತೇನೆ, ಏಕೆಂದರೆ ಅನೇಕ ಹೆಂಗಸರು ಬಿಟ್ಟುಹೋಗುವುದು ಇದೊಂದೇ ಕಾರಣಕ್ಕೆ. ಅದು ಜೊತೆ ಸಿಗದಿರುವುದು. ನಾನು ಸೇರಿದ ಸಂಜೆಯ ತಂಡದಲ್ಲಿ ಕಾಲೇಜು ಹುಡುಗರು ಮತ್ತು ಶಾಲಾಮಕ್ಕಳು ಇದ್ದರು, ವಯಸ್ಕ ಹೆಂಗಸು ನಾನೊಬ್ಬಳೇ. ಮೊದಮೊದಲು ನನ್ನನ್ನು ಏಳನೆಯ ತರಗತಿಯ ಹುಡುಗಿಯ ಜೊತೆ ಹಾಕಿದರು. ಅವಳನ್ನು ಎಸೆಯಲು ನನಗೆ ಮನಸ್ಸು ಬಾರದು, ಅವಳಿಗೆ ನನ್ನನ್ನು ಕದಲಿಸಲು ಆಗದು, ಇಬ್ಬರ ಸಮಯವೂ ಹಾಳು. ಹುಡುಗರ ಜೊತೆ ಹಾಕಿದಾಗ ಬೇರೊಂದು ಕಷ್ಟ ಎದುರಾಯಿತು. ಅವರಲ್ಲಿ ಹೆಚ್ಚಿನವರು ನಾನು ಎಳೆಯುವ ಮೊದಲೇ ತಾವಾಗಿ ಬಿದ್ದುಬಿಡುತ್ತಿದ್ದರು. "ಅಕ್ಕಾ, ನಿಮಗೆ ಏಟಾಗುತ್ತೆ" ಎಂಬ ಅವರ ಕಾಳಜಿ ನಿಜವಾದದ್ದೇ, ಆದರೆ ಶಿಬಿರದಲ್ಲಿ ಮಣಿಕಟ್ಟು ಬಿಟ್ಟುಕೊಟ್ಟ ಜೊತೆಗಾತಿಗೂ ಇವರಿಗೂ ಆಗ ವ್ಯತ್ಯಾಸವೇ ಉಳಿಯುವುದಿಲ್ಲ. ಒಬ್ಬಿಬ್ಬರು ಇದಕ್ಕೆ ತದ್ವಿರುದ್ಧ: ಒಮ್ಮೆ ಬಿದ್ದರೆ ಅವಮಾನವಾದಂತಾಗಿ ಮುಂದಿನ ಸಲ ಇಡೀ ಮೈಭಾರವನ್ನು ನನ್ನ ಮೇಲೆ ಕೆಡವುತ್ತಿದ್ದರು.

ನೆಲದ ಪಟ್ಟುಗಳಲ್ಲಿ ಸಂಕೋಚ ಇನ್ನೂ ಹೆಚ್ಚು. ಕೆಸಾ ಗಟಾಮೆಯಲ್ಲಿ ಎದುರಾಳಿಯ ಕತ್ತನ್ನು ತೋಳಿನಿಂದ ಸುತ್ತಿ, ಎದೆಯ ಭಾರವನ್ನು ಅವನ ಎದೆಯ ಮೇಲೆ ಹಾಕಿ ಅದುಮಿ ಹಿಡಿಯಬೇಕು. ಗಂಡಸಿನ ಜೊತೆ ಇದನ್ನು ಮಾಡುವುದು ನಮ್ಮಲ್ಲಿ ಸುಲಭದ ಮಾತಲ್ಲ, ಹುಡುಗರಿಗೂ ಮುಜುಗರವಾಗಿ ಮೈ ದೂರವಿಟ್ಟು ಹಿಡಿಯುತ್ತಿದ್ದರು, ಹಾಗೆ ಹಿಡಿದ ಪಟ್ಟು ಪಟ್ಟೇ ಅಲ್ಲ. ಹೊರಗಿನವರ ಮಾತೂ ಇದ್ದೇ ಇತ್ತು. ಲೋಹದ ವಸ್ತು ಯಾವುದೂ ಮೈಮೇಲೆ ಇರಬಾರದೆಂಬ ನಿಯಮದಂತೆ ತಾಳಿ, ಕಾಲುಂಗುರ, ಬಳೆ ಎಲ್ಲವನ್ನೂ ಪರ್ಸಿನಲ್ಲಿಟ್ಟು ಮ್ಯಾಟಿಗೆ ಹೋಗುತ್ತಿದ್ದುದನ್ನು ಅತ್ತೆಗೆ ತಿಳಿಸಿ ಹೇಳಲು ಸಾಕಷ್ಟು ಸಮಾಧಾನ ಬೇಕಾಯಿತು. ಎಸೆತದ ನಡುವೆ ಕಾಲುಂಗುರವೊಂದು ಜೊತೆಯವರ ಕಣಕಾಲನ್ನು ಹೇಗೆ ಗೀರಬಲ್ಲದು ಎಂದು ವಿವರಿಸಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಬಾಯಿಬಿಟ್ಟು ಕೇಳುವುದು. ವಯಸ್ಸು ನೋಡದೆ ತೂಕ ನೋಡಿ ಜೊತೆ ಹಾಕಿ ಎಂದು ಮಾಸ್ಟರನ್ನು ಕೇಳಿಕೊಂಡೆ. "ನಾನು ಸರಿಯಾಗಿ ಎಳೆದರೆ ಮಾತ್ರ ಬೀಳಿ, ಇಲ್ಲದಿದ್ದರೆ ನಿಂತೇ ಇರಿ" ಎಂದು ಹುಡುಗರಿಗೆ ಪ್ರತಿ ಸುತ್ತಿನ ಮುಂಚೆ ಹೇಳತೊಡಗಿದೆ. ಕಚೇರಿಯ ಗೆಳತಿಯೊಬ್ಬಳನ್ನು ಸೇರಿಸಿದೆ, ಅವಳು ತನ್ನ ನಾದಿನಿಯನ್ನು ಕರೆತಂದಳು, ಈಗ ನೆಲದ ಪಟ್ಟುಗಳಿಗೆ ನಮ್ಮದೇ ಒಂದು ಗುಂಪಿದೆ. ಹಾಗೆಂದು ಗಂಡಸರ ಜೊತೆಗಿನ ರಾಂಡೋರಿಯನ್ನು ನಾವು ಬಿಟ್ಟಿಲ್ಲ, ಬಿಡಲೂಬಾರದು, ಏಕೆಂದರೆ ಆ ತೂಕ ಮತ್ತು ಹಿಡಿತದ ಪರಿಚಯವೇ ನಾವು ಬಂದ ಉದ್ದೇಶ. ಹೆಂಗಸರಿಗೆ ಈ ಮ್ಯಾಟಿನ ಮೇಲೆ ಜಾಗ ಸುಲಭವಾಗಿ ಸಿಕ್ಕಿಲ್ಲ. 1959ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರಸ್ಟಿ ಕನೊಕೋಗಿ ಗಂಡಸಿನಂತೆ ತಲೆಗೂದಲು ಕತ್ತರಿಸಿಕೊಂಡು ಸ್ಪರ್ಧಿಸಿ ಗೆದ್ದಾಗ, ಹೆಣ್ಣೆಂದು ತಿಳಿದ ಕೂಡಲೇ ಸಂಘಟಕರು ಪದಕವನ್ನು ಮರಳಿ ಪಡೆದರು. ಅದೇ ಮಹಿಳೆ 1980ರಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ನ್ಯೂಯಾರ್ಕ್ ನಗರದಲ್ಲಿ ಸಂಘಟಿಸಿದರು. ಮಣಿಪುರದ ಸುಶೀಲಾ ದೇವಿ 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 48 ಕಿಲೋ ವಿಭಾಗದಲ್ಲಿ ಎಂದು ನಮ್ಮ ಗುಂಪಿನವರಿಗೆ ನಾನು ಆಗಾಗ ನೆನಪಿಸುತ್ತೇನೆ.

ಜೂಡೋದಲ್ಲಿ ಇಲ್ಲದ್ದೂ ಇದೆ. ರಾಂಡೋರಿಯಲ್ಲಿ ಗುದ್ದು, ಒದೆತಗಳಿಲ್ಲ, ಆದ್ದರಿಂದ ಮುಖದ ಕಡೆ ಬರುವ ಏಟಿಗೆ ಕಣ್ಣು ಪಳಗುವುದಿಲ್ಲ. ಚಾಕು ಹಿಡಿದವನ ಎದುರು, ಗುಂಪಿನ ಎದುರು ಯಾವ ವಿದ್ಯೆಯನ್ನೂ ನಂಬದೆ ಓಡಬೇಕು, 112ಕ್ಕೆ ಕರೆ ಮಾಡಬೇಕು.

ನನ್ನ ಒಲವು ಜೂಡೋದ ಕಡೆಗಿರಲು ಇನ್ನೊಂದು ಕಾರಣ ಅದರಲ್ಲಿ ಬಲವನ್ನು ಅಳೆದು ಬಳಸಲು ಸಾಧ್ಯವಿರುವುದು. ಹೆಣ್ಣಿಗೆ ತೊಂದರೆ ಕೊಡುವವನು ಎಷ್ಟೋ ಸಲ ಪರಿಚಯದವನೇ: ಮದುವೆಮನೆಯಲ್ಲಿ ಹೆಗಲ ಮೇಲೆ ಕೈಯಿಟ್ಟು ತೆಗೆಯದ ನೆಂಟ, ಲಿಫ್ಟಿನಲ್ಲಿ ಮಣಿಕಟ್ಟು ಹಿಡಿಯುವ ಸಹೋದ್ಯೋಗಿ. ಅಂಥವನ ಕಣ್ಣಿಗೆ ಬೆರಳು ಹಾಕಲು ಕೈ ಏಳುವುದಿಲ್ಲ, ಏಳದಿದ್ದರೆ ಬೇರೆ ಉಪಾಯವೂ ಗೊತ್ತಿರುವುದಿಲ್ಲ. ಹಿಡಿತ ಬಿಡಿಸಿ ದೂರ ಸರಿಯುವುದು, ಸಮತೋಲ ತಪ್ಪಿಸಿ ಗೋಡೆಗೆ ಒರಗಿಸುವುದು, ಬೇಕಾದರೆ ಕೆಡವುವುದು ಎಂಬ ಮೆಟ್ಟಿಲುಗಳು ಜೂಡೋದಲ್ಲಿವೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂದೂ ಹೇಳುತ್ತವೆ. ಕೆನಡಾದ ವಿಶ್ವವಿದ್ಯಾಲಯಗಳ ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯವನ್ನು ಎದುರಿಸುವ 12 ಗಂಟೆಗಳ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇಕಡಾ 5.2, ಪಡೆಯದವರಲ್ಲಿ ಶೇಕಡಾ 9.8 ಇತ್ತು. ಆ ತರಬೇತಿಯ ಬಹುಭಾಗ ಹೊಡೆತಗಳದ್ದಲ್ಲ. ಪರಿಚಿತನಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, ಸಂಕೋಚ ಮೀರಿ ಗಟ್ಟಿಯಾಗಿ ಬೇಡ ಎನ್ನುವುದು ಅದರ ತಿರುಳು. ವಾರಾಂತ್ಯದ ಶಿಬಿರಕ್ಕೇ ಹೋಗುವವರು ಇಂಥದ್ದನ್ನು ಹುಡುಕುವುದು ಮೇಲು.

ಖರ್ಚಿನ ಲೆಕ್ಕದಲ್ಲಿ ನಮ್ಮ ಜೂಡೋ ತರಗತಿಗೆ ತಿಂಗಳಿಗೆ 1,500 ರೂಪಾಯಿ, ದಪ್ಪ ಬಟ್ಟೆಯ ಉಡುಪಿಗೆ ಒಂದೇ ಸಲ 2,500 ರೂಪಾಯಿ ಆಯಿತು. ಆ ಉಡುಪು ಮಳೆಗಾಲದಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ, ಅದಕ್ಕೆ ಫ್ಯಾನಿನ ಕೆಳಗೆ ಜಾಗ ಮಾಡಿಕೊಳ್ಳಬೇಕು. ಎಂಟು ಹತ್ತು ವರ್ಷದ ಮಗಳಿದ್ದರೆ ಹತ್ತಿರದ ಕರಾಟೆಗೇ ಕಳಿಸಿ, ಅವಳ ದನಿ ಗಟ್ಟಿಯಾಗಲಿ. ನೀವೇ ಕಲಿಯುವುದಾದರೆ ಜೂಡೋ ತರಗತಿಯೊಂದಕ್ಕೆ ಹೋಗಿ, ಸೇರುವ ಮುನ್ನ ಒಂದು ಸಂಜೆ ಬದಿಯಲ್ಲಿ ಕುಳಿತು ನೋಡಿ: ಮ್ಯಾಟು ದಪ್ಪವಾಗಿದೆಯೇ, ವಯಸ್ಕ ಹೆಂಗಸರು ಎಷ್ಟು ಜನರಿದ್ದಾರೆ, ಅವರನ್ನು ಯಾರ ಜೊತೆ ಹಾಕುತ್ತಾರೆ, ರಾಂಡೋರಿಯಲ್ಲಿ ಅವರನ್ನೂ ಇಳಿಸುತ್ತಾರೆಯೇ ಅಥವಾ ಆ ಹೊತ್ತಿನಲ್ಲಿ ಬದಿಗೆ ಕೂರಿಸುತ್ತಾರೆಯೇ. ಕೂರಿಸುವ ತರಗತಿಗೆ ದುಡ್ಡು ಕಟ್ಟಬೇಡಿ.