ಹಿಪ್ಪಲಿಯಿಂದ ಪೆಪ್ಪರ್‌ಗೆ: ಇಂಗ್ಲಿಷ್ ಪದ ಕಲಿಯಲು ಎಟಿಮಾನ್‌ಲೈನ್ ಎಷ್ಟು ಒದಗುತ್ತದೆ?

ಕೆಮ್ಮು ನೆಗಡಿಗೆ ಕಷಾಯ ಕುದಿಸುವ ಮನೆಗಳಲ್ಲಿ ಹಿಪ್ಪಲಿ ಗೊತ್ತಿಲ್ಲದವರು ಕಡಿಮೆ. ಸಂಸ್ಕೃತದ ಪಿಪ್ಪಲಿ ನಮ್ಮಲ್ಲಿ ಮೊದಲ ಪಕಾರ ಹಕಾರವಾಗಿ ಹಿಪ್ಪಲಿ ಆಯಿತು. ಅದೇ ಪದ ವ್ಯಾಪಾರಿಗಳ ಜೊತೆ ಪಶ್ಚಿಮಕ್ಕೆ ಹೋಗಿ ಗ್ರೀಕರಲ್ಲಿ ಪೆಪೆರಿ, ರೋಮನ್ನರಲ್ಲಿ ಪಿಪೆರ್, ಹಳೆಯ ಇಂಗ್ಲಿಷಿನಲ್ಲಿ ಪಿಪೋರ್ ಆಗಿ, ಕೊನೆಗೆ ಪೆಪ್ಪರ್ ಆಗಿ ನಿಂತಿತು. ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ, ಎಂದರೆ ಎಲ್ಲರೂ ಎಟಿಮಾನ್‌ಲೈನ್ ಎಂದು ಕರೆಯುವ ಜಾಲತಾಣದಲ್ಲಿ ಪೆಪ್ಪರ್ ಎಂದು ಹುಡುಕಿದರೆ ಈ ದಾರಿಯೆಲ್ಲ ಒಂದೇ ಪ್ಯಾರಾದಲ್ಲಿ ಸಿಗುತ್ತದೆ. ಅಮೆರಿಕದ ಡಗ್ಲಸ್ ಹಾರ್ಪರ್ ಶುರುಮಾಡಿದ ಈ ತಾಣವನ್ನು ಓದಲು ದುಡ್ಡು ಕೊಡಬೇಕಿಲ್ಲ. ಮೊಬೈಲ್ ಆ್ಯಪ್ ಕೂಡ ಇದೆ.

ಇದು ಪದಗಳ ಅರ್ಥ ಹೇಳುವ ನಿಘಂಟಲ್ಲ, ಪದಗಳ ಹುಟ್ಟು ಹೇಳುವ ನಿಘಂಟು. ತಾಣವೇ ಈ ಮಾತನ್ನು ಸ್ಪಷ್ಟವಾಗಿ ಹೇಳಿಕೊಂಡಿದೆ. ಹಾಗಿದ್ದೂ ಇಂಗ್ಲಿಷ್ ಕಲಿಯುವ ಕನ್ನಡಿಗರಿಗೆ ಇದನ್ನು ಧೈರ್ಯವಾಗಿ ಹೇಳಬಹುದು, ಆದರೆ ಅಡುಗೆಮನೆಯಿಂದ ಶುರುಮಾಡಿದರೆ ಮಾತ್ರ. ತಿನ್ನುವ ವಸ್ತುಗಳ ಹೆಸರುಗಳಲ್ಲಿ ಅರ್ಧ ದಾರಿ ನಮಗೆ ಮೊದಲೇ ಗೊತ್ತಿರುತ್ತದೆ. ಸಕ್ಕರೆ ಮತ್ತು ಶುಗರ್ ಎರಡೂ ಸಂಸ್ಕೃತದ ಶರ್ಕರಾದಿಂದ ಬಂದವು. ಅದರ ಮೂಲ ಅರ್ಥ ಮರಳು, ಹರಳು. ಕ್ಯಾಂಡಿ ಎಂಬುದು ಖಂಡ, ಎಂದರೆ ತುಂಡು. ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡವರಿಗೆ ಈ ಎರಡು ಪದಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಇಲ್ಲ. ಮ್ಯಾಂಗೋ ತಮಿಳಿನ ಮಾಂಗಾಯ್, ನಮ್ಮ ಮಾವಿನಕಾಯಿಯ ಒಡಹುಟ್ಟು. ಮಲಯ್ ಮತ್ತು ಮಲಯಾಳಂ ಮೂಲಕ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋಯಿತು. ಮಾವು ಮೊದಮೊದಲು ಇಂಗ್ಲೆಂಡಿಗೆ ಉಪ್ಪಿನಕಾಯಿಯಾಗಿಯೇ ತಲುಪುತ್ತಿದ್ದರಿಂದ ಮ್ಯಾಂಗೋ ಎಂಬುದಕ್ಕೆ ಒಂದು ಕಾಲದಲ್ಲಿ ಉಪ್ಪಿನಕಾಯಿ ಹಾಕುವುದು ಎಂಬ ಅರ್ಥವೂ ಇತ್ತು.

ಪೆಪ್ಪರ್‌ಗೆ ಮತ್ತೆ ಬರೋಣ, ಏಕೆಂದರೆ ಕಲಿಯುವವರು ಹೆಚ್ಚು ಎಡವುವ ಪದ ಇದು. ಕಾಳುಮೆಣಸೂ ಪೆಪ್ಪರ್, ಮೆಣಸಿನಕಾಯಿಯೂ ಪೆಪ್ಪರ್, ದೊಣ್ಣೆಮೆಣಸಿನಕಾಯಿಯೂ ಪೆಪ್ಪರ್, ಇದೆಂಥ ಗೊಂದಲ ಎನಿಸುತ್ತದೆ. ಕಾಳುಮೆಣಸಿನ ನಾಡು ಹುಡುಕುತ್ತ 1492ರಲ್ಲಿ ಹೊರಟ ಕೊಲಂಬಸ್ ಅಮೆರಿಕ ತಲುಪಿದ. ಅಲ್ಲಿನ ಖಾರದ ಕಾಯಿಗೂ ಯುರೋಪಿನವರು ಹಳೆಯ ಹೆಸರನ್ನೇ ಹಚ್ಚಿದರು. ಈಗ ಕನ್ನಡವನ್ನು ನೋಡಿ: ಮೆಣಸು ಎಂದರೆ ಮೊದಲು ಕಪ್ಪು ಕಾಳು. ಅಮೆರಿಕದ ಆ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದ ಮೇಲೆ ಅದು ಮೆಣಸಿನಕಾಯಿ ಆಯಿತು, ಹಳೆಯದನ್ನು ಗುರುತಿಸಲು ಕಾಳುಮೆಣಸು, ಕರಿಮೆಣಸು ಎನ್ನಬೇಕಾಯಿತು. ಎರಡು ಭಾಷೆಗಳೂ ಒಂದೇ ಕಾರಣಕ್ಕೆ ಒಂದೇ ಕೆಲಸ ಮಾಡಿವೆ. ಕನ್ನಡದ ಈ ಅರ್ಧ ಭಾಗ ತಾಣದಲ್ಲಿ ಇಲ್ಲ, ನಾವೇ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡ ದಿನದಿಂದ ಬ್ಲ್ಯಾಕ್ ಪೆಪ್ಪರ್, ಚಿಲಿ ಪೆಪ್ಪರ್, ಬೆಲ್ ಪೆಪ್ಪರ್ ಎಂದೂ ಕಲಸಿಹೋಗವು.

ಉಪ್ಪಿನ ಕುಟುಂಬವೂ ಇಷ್ಟೇ ಸೊಗಸು. ಲ್ಯಾಟಿನ್ನಿನ ಸಾಲ್ ಎಂದರೆ ಉಪ್ಪು. ಸಾಲಡ್ ಎಂದರೆ ಉಪ್ಪು ಹಾಕಿದ್ದು, ಸಾಸ್ ಕೂಡ ಉಪ್ಪು ಹಾಕಿದ್ದು, ಸಾಸೇಜ್ ಉಪ್ಪು ಹಾಕಿದ ಮಾಂಸ. ಉಪ್ಪಿಟ್ಟು, ಉಪ್ಪಿನಕಾಯಿ, ಉಪ್ಪುಸಾರು ಎನ್ನುವವರಿಗೆ ಇದು ಹೊಸ ತರ್ಕವೇನಲ್ಲ.

ನಮೂದು ಓದುವ ಕ್ರಮ ಗೊತ್ತಿರಬೇಕು. ಪದದ ಪಕ್ಕದಲ್ಲಿ ಅದು ನಾಮಪದವೋ ಕ್ರಿಯಾಪದವೋ ಎಂಬ ಗುರುತು ಇರುತ್ತದೆ. ಒಂದೇ ಪದಕ್ಕೆ ಎರಡು ನಮೂದು ಇದ್ದರೆ ಎರಡನ್ನೂ ನೋಡಿ. ಆಮೇಲೆ 1590ರ ದಶಕ, 14ನೇ ಶತಮಾನದ ಕೊನೆ ಎಂಬಂಥ ಕಾಲ. ಇದು ಪದ ಹುಟ್ಟಿದ ವರ್ಷವಲ್ಲ, ಬರವಣಿಗೆಯಲ್ಲಿ ಸಿಕ್ಕ ಮೊದಲ ದಾಖಲೆಯ ಕಾಲ. ಜನರ ಬಾಯಲ್ಲಿ ಅದಕ್ಕೂ ಮುಂಚೆ ಇದ್ದಿರಬಹುದು. ಆಮೇಲೆ ಹಳೆಯ ರೂಪಗಳ ಸಾಲು. ನಕ್ಷತ್ರದ ಚಿಹ್ನೆ ಹೊತ್ತ ರೂಪಗಳು ಎಲ್ಲಿಯೂ ಬರೆದು ಸಿಕ್ಕವಲ್ಲ, ವಿದ್ವಾಂಸರು ತುಲನೆ ಮಾಡಿ ಊಹಿಸಿದವು. ಪದ ಕಲಿಯಲು ಬಂದವರು ಆ ನಕ್ಷತ್ರದ ಕೊಂಡಿ ಒತ್ತಬೇಡಿ. ಒಂದರಿಂದ ಇನ್ನೊಂದಕ್ಕೆ ಹಾರುತ್ತ ಒಂದು ಗಂಟೆ ಕಳೆದಿರುತ್ತದೆ, ಪದ ಒಂದೂ ಉಳಿದಿರುವುದಿಲ್ಲ.

ಇನ್ನೊಂದು ಎಚ್ಚರ: ಬಹುಶಃ, ಇರಬಹುದು, ಮೂಲ ಅನಿಶ್ಚಿತ ಎಂಬ ಮಾತುಗಳನ್ನು ಹಾರಿಸಿ ಓದಬೇಡಿ. ಜಿಂಜರ್ ನಮೂದು ಇದಕ್ಕೆ ಒಳ್ಳೆಯ ಪಾಠ. ಸಂಸ್ಕೃತದ ಶೃಂಗವೇರ, ಕೊಂಬಿನ ಆಕಾರದ್ದು ಎಂಬ ವಿವರಣೆಯೂ ಅಲ್ಲಿದೆ. ಆ ಸಂಸ್ಕೃತ ಪದವೇ ದ್ರಾವಿಡ ಮೂಲದ್ದಾಗಿದ್ದು, ಕೊಂಬಿನ ಕಥೆ ಆಮೇಲೆ ಹೊಂದಿಸಿದ್ದಿರಬಹುದು ಎಂಬ ಸೂಚನೆಯೂ ಇದೆ. ಎರಡನ್ನೂ ಮುಂದಿಟ್ಟಿರುವುದು ಈ ತಾಣದ ಪ್ರಾಮಾಣಿಕತೆ.

ಅಭ್ಯಾಸಕ್ಕೆ ದಿನಕ್ಕೆ ಎರಡು ಪದ ಸಾಕು, ಇಪ್ಪತ್ತು ನಿಮಿಷ ಸಾಕು. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಭಾಗ ಮಾಡಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದು ಬಂದ ದಾರಿ ಒಂದೇ ಸಾಲಿನಲ್ಲಿ, ಮೂರನೆಯದರಲ್ಲಿ ಅದೇ ಬೇರಿನ ಇಂದಿನ ಪದಗಳು ಐದಕ್ಕೆ ಮೀರದಂತೆ, ನಾಲ್ಕನೆಯದರಲ್ಲಿ ನೀವೇ ಕಟ್ಟಿದ ವಾಕ್ಯ. ಉದಾಹರಣೆಗೆ ಲ್ಯಾಟಿನ್ನಿನ ಪಾನಿಸ್, ಎಂದರೆ ರೊಟ್ಟಿ. ಒಟ್ಟಿಗೆ ರೊಟ್ಟಿ ತಿನ್ನುವವನು ಕಂಪ್ಯಾನಿಯನ್, ಅದರಿಂದಲೇ ಕಂಪನಿ, ಜೊತೆಗೆ ರೊಟ್ಟಿ ಇಡುವ ಕೋಣೆ ಪ್ಯಾಂಟ್ರಿ. ನಾಲ್ಕನೆಯ ಭಾಗವನ್ನು ಖಾಲಿ ಬಿಟ್ಟರೆ ಮಿಕ್ಕ ಮೂರೂ ವ್ಯರ್ಥ. ಹುಟ್ಟು ಗೊತ್ತಿದ್ದ ಮಾತ್ರಕ್ಕೆ ಬಳಸಲು ಬರುವುದಿಲ್ಲ. ಕಂಪನಿ ಎಂಬುದಕ್ಕೆ ವ್ಯಾಪಾರ ಸಂಸ್ಥೆ ಎಂಬ ಅರ್ಥದ ಜೊತೆ ಒಡನಾಟ ಎಂಬ ಅರ್ಥವೂ ಇದೆ ಎಂಬುದು ವಾಕ್ಯ ಕಟ್ಟಿದಾಗಲೇ ಮನಸ್ಸಿಗೆ ಇಳಿಯುತ್ತದೆ.

ಮೂರನೆಯ ಭಾಗದಲ್ಲಿ ತಪ್ಪು ಹೆಚ್ಚು. ಸದ್ದು ಒಂದೇ ಇದ್ದರೆ ನೆಂಟರು ಎಂದುಕೊಳ್ಳುತ್ತೇವೆ. ಪ್ಯಾಂಟ್ರಿಗೂ ಬಾಣಲೆಯ ಪ್ಯಾನ್‌ಗೂ ಸಂಬಂಧವಿಲ್ಲ. ಹ್ಯಾಂಬರ್ಗರ್‌ನಲ್ಲಿ ಹ್ಯಾಮ್ ಇಲ್ಲ, ಜರ್ಮನಿಯ ಹ್ಯಾಂಬರ್ಗ್ ಊರಿದೆ. ಪ್ರತಿ ಬಂಧುವನ್ನೂ ಅದರದೇ ನಮೂದಿಗೆ ಹೋಗಿ ಖಚಿತಪಡಿಸಿಕೊಂಡೇ ಬರೆದುಕೊಳ್ಳಿ.

ಚರಿತ್ರೆ ಸೇರಿದಾಗ ಪದಗಳು ಗುಂಪುಗುಂಪಾಗಿ ನೆನಪಿರುತ್ತವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಳುವವರ ಮಾತು ಫ್ರೆಂಚ್. ಹಟ್ಟಿಯಲ್ಲಿರುವ ಪ್ರಾಣಿಗೆ ಶೀಪ್, ಕಾಫ್, ಸ್ವೈನ್ ಎಂಬ ಹಳೆಯ ಇಂಗ್ಲಿಷ್ ಹೆಸರುಗಳೇ ಉಳಿದವು. ತಟ್ಟೆಯ ಮಾಂಸಕ್ಕೆ ಮಟನ್, ವೀಲ್, ಪೋರ್ಕ್ ಎಂಬ ಫ್ರೆಂಚ್ ಮೂಲದ ಹೆಸರುಗಳು ನಿಂತವು. ಇಲ್ಲಿ ಕನ್ನಡಿಗರು ಒಂದು ಬೇರೆ ಟಿಪ್ಪಣಿ ಬರೆದುಕೊಳ್ಳಬೇಕು. ನಮ್ಮ ಊರುಗಳಲ್ಲಿ ಮಟನ್ ಎಂದರೆ ಬಹುತೇಕ ಮೇಕೆ ಮಾಂಸವೂ ಹೌದು. ಬ್ರಿಟನ್ನಿನಲ್ಲಿ ಮಟನ್ ಎಂದರೆ ಬಲಿತ ಕುರಿಯದು ಮಾತ್ರ, ಎಳೆಯದು ಲ್ಯಾಂಬ್. ಅಲ್ಲಿ ಮೇಕೆಯದು ಬೇಕಿದ್ದರೆ ಗೋಟ್ ಎಂದೇ ಕೇಳಬೇಕು.

ಉಚ್ಚಾರಣೆಗೆ ಈ ತಾಣವನ್ನು ನೆಚ್ಚಿಕೊಳ್ಳಬೇಡಿ. ರೆಸಿಪಿ ಮತ್ತು ರಿಸೀಟ್ ಲ್ಯಾಟಿನ್ನಿನ ಒಂದೇ ಕ್ರಿಯಾಪದದಿಂದ ಬಂದವು. ರೆಸಿಪಿ ಎಂದರೆ ತೆಗೆದುಕೋ ಎಂಬ ಆಜ್ಞೆ, ವೈದ್ಯರು ಔಷಧದ ಚೀಟಿಯ ತಲೆಗೆ ಬರೆಯುತ್ತಿದ್ದದ್ದು. ರಿಸೀಟ್‌ನ ಕಾಗುಣಿತದಲ್ಲಿರುವ ಪಿ ಅಕ್ಷರ ಲ್ಯಾಟಿನ್ನಿನ ರೂಪಕ್ಕೆ ಹೋಲಲಿ ಎಂದು ಆಮೇಲೆ ಸೇರಿಸಿದ್ದು. ಆ ಪಿ ಬಾಯಲ್ಲಿ ಬರುವುದಿಲ್ಲ ಎಂಬುದನ್ನು ಕಿವಿಯಿಂದ ಕಲಿಯಲು ಧ್ವನಿ ಇರುವ ಕಲಿಕಾ ನಿಘಂಟು ಬೇಕೇ ಬೇಕು. ಎರಡನ್ನೂ ಬ್ರೌಸರಿನ ಎರಡು ಟ್ಯಾಬ್‌ಗಳಲ್ಲಿ ತೆರೆದಿಟ್ಟುಕೊಳ್ಳಿ: ಮೊದಲು ಅರ್ಥ ಮತ್ತು ಧ್ವನಿ, ಆಮೇಲೆ ಹುಟ್ಟು.

ಕೊರತೆಗಳಲ್ಲಿ ದೊಡ್ಡದು, ವಿವರಣೆಯ ಇಂಗ್ಲಿಷೇ ಗಟ್ಟಿಯಾಗಿದೆ. ಈಗಷ್ಟೇ ವಾಕ್ಯ ಕಟ್ಟಲು ಕಲಿಯುತ್ತಿರುವವರಿಗೆ ಇದು ಭಾರ. ಪಿಯುಸಿ ದಾಟಿದವರಿಗೆ, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೆ, ಮೇಡಂಗೆ ಹೊಂದುತ್ತದೆ. ಮಕ್ಕಳಿಗೆ ನೇರ ಕೊಡದೆ ಮೇಷ್ಟ್ರೇ ಓದಿ ಕಥೆಯಾಗಿ ಹೇಳುವುದು ಮೇಲು. ಇಂದಿನ ಬಳಕೆಯ ಉದಾಹರಣೆ ವಾಕ್ಯಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ದ್ರಾವಿಡ ಪದಗಳನ್ನು ರೋಮನ್ ಲಿಪಿಯಲ್ಲಿ ಸರಳವಾಗಿ ಬರೆದಿರುವುದರಿಂದ ದೀರ್ಘ, ಳಕಾರ, ಣಕಾರ ಕಾಣುವುದಿಲ್ಲ. ನೋಟ್‌ಬುಕ್ಕಿಗೆ ಇಳಿಸುವಾಗ ಕನ್ನಡದಲ್ಲೇ ತಿದ್ದಿ ಬರೆದುಕೊಳ್ಳಿ.

ಮೊದಲ ವಾರಕ್ಕೆ ಈ ಹದಿನಾಲ್ಕು ಪದಗಳನ್ನು ಹಿಡಿಯಬಹುದು: ಪೆಪ್ಪರ್, ಜಿಂಜರ್, ಶುಗರ್, ಕ್ಯಾಂಡಿ, ಮ್ಯಾಂಗೋ, ಆರೆಂಜ್, ಕರಿ, ಚಟ್ನಿ, ಸಾಲಡ್, ಸಾಸ್, ಕಂಪ್ಯಾನಿಯನ್, ರೆಸಿಪಿ, ಬ್ರೇಕ್‌ಫಾಸ್ಟ್, ಡಿನ್ನರ್. ಕೊನೆಯ ಎರಡನ್ನು ಒಂದೇ ದಿನ ನೋಡಿ. ಬ್ರೇಕ್‌ಫಾಸ್ಟ್ ಎಂದರೆ ಉಪವಾಸ ಮುರಿಯುವುದು, ನಮ್ಮ ಪಾರಣೆ. ಡಿನ್ನರ್‌ನ ಬೇರು ಹಿಡಿದು ಲ್ಯಾಟಿನ್‌ವರೆಗೆ ಹೋದರೆ ಅಲ್ಲೂ ಅದೇ ಪಾರಣೆ ಸಿಗುತ್ತದೆ.